ಗಣಕವಿದ್ಯೆಯ ಅಧ್ಯಾಪಕ: ಕೀರ್ತಿಶೇಷ ವೈದ್ಯೇಶ್ವರನ್ ರಾಜಾರಾಮನ್

ಹೊಸ ವಿದ್ಯೆಯೊಂದು ನಾಡಿಗೆ ಬಂದಾಗ ಅದರೊಡನೆ ಬಂದ ಯಂತ್ರವನ್ನು ಜನರು ಕಣ್ಣರಳಿಸಿ ನೋಡುತ್ತಾರೆ. ಆ ವಿದ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ತಿಳಿಯಹೇಳಿದವನನ್ನು ಅವನ ಶಿಷ್ಯರು ಮಾತ್ರ ಬಲ್ಲರು. ೨೦೨೫ನೆಯ ಇಸವಿ ನವೆಂಬರ್ ೮ರಂದು ಬೆಂಗಳೂರಿನಲ್ಲಿ ಪ್ರಾಧ್ಯಾಪಕ ವೈದ್ಯೇಶ್ವರನ್ ರಾಜಾರಾಮನ್ ಅವರು ಕೀರ್ತಿಶೇಷರಾದರು. ಆಗ ಅವರಿಗೆ ೯೨ ವರ್ಷ ತುಂಬಿ ಎರಡು ತಿಂಗಳಾಗಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಿಂದ ಹೊರಟು ಮಂಡ್ಯ, ಮೈಸೂರು, ಬೆಂಗಳೂರುಗಳಲ್ಲಿ ಗಣಕವಿದ್ಯೆಯನ್ನು ಕಲಿತು ಇಂದು ದೇಶವಿದೇಶಗಳಲ್ಲಿ ದುಡಿಯುತ್ತಿರುವವರು ಬಹುಮಂದಿ. ‘ವಿ. ರಾಜಾರಾಮನ್’ ಎಂಬ ಹೆಸರನ್ನು ಹೊತ್ತ ಪಠ್ಯಪುಸ್ತಕವೊಂದು ಅವರಲ್ಲಿ ಅನೇಕರ ಕೈಗೆ ಬಂದೇ ಇರುತ್ತದೆ. ಪುಸ್ತಕವನ್ನು ಓದಿದರು, ಪರೀಕ್ಷೆಯಲ್ಲಿ ತೇರ್ಗಡೆಯಾದರು; ಬರೆದವರು ಯಾರೆಂದು ಕೇಳಿದವರು ವಿರಳ. ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಅಂತಹ ಅಧ್ಯಾಪಕರೊಬ್ಬರನ್ನು ನೆನೆಯುವುದು ಅಪ್ರಸ್ತುತವೆನಿಸಲಾರದು.

ರಾಜಾರಾಮನ್ ಅವರು ಹುಟ್ಟಿದ್ದು ತಮಿಳುನಾಡಿನ ಈರೋಡಿನಲ್ಲಿ, ೧೯೩೩ರ ಸೆಪ್ಟೆಂಬರ್ ೮ರಂದು. ಶಾಲಾ ಶಿಕ್ಷಣವೂ ಭೌತಶಾಸ್ತ್ರದ ಪದವಿಯೂ ದೆಹಲಿಯಲ್ಲಾದವು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ವಿದ್ಯುತ್ ಸಂವಹನ ವಿಭಾಗದ ವಿದ್ಯಾರ್ಥಿಯಾದರು. ಆಗ ದೇಶದಲ್ಲಿ ಗಣಕವೆಂಬ ಮಾತೇ ಅಪರಿಚಿತ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಅತಿಥಿಯಾಗಿ ಬಂದಿದ್ದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ವಿಜ್ಞಾನ ಮಂದಿರದಲ್ಲಿ ಒಂದು ‘ಅನಲಾಗ್’ ಗಣಕವನ್ನು ನೆಲೆಗೊಳಿಸಿದರು. ಇಂದಿನ ಗಣಕದಂತೆ ಅದು ಅಂಕಿಗಳನ್ನು ಎಣಿಸುತ್ತಿರಲಿಲ್ಲ. ವಿದ್ಯುತ್ತಿನ ಒತ್ತಡದ ಏರಿಳಿತವನ್ನೇ ಸಮೀಕರಣದ ಪ್ರತಿರೂಪವನ್ನಾಗಿ ಮಾಡಿ ಉತ್ತರವನ್ನು ಅಳೆದು ತೋರಿಸುತ್ತಿತ್ತು. ತಕ್ಕಡಿಯಲ್ಲಿ ತೂಗುವುದಕ್ಕೂ ಕಾಸುಗಳನ್ನು ಎಣಿಸುವುದಕ್ಕೂ ಇರುವಷ್ಟು ಭೇದ ಇವೆರಡರ ನಡುವೆ ಇದೆ. ಈ ಯಂತ್ರಕ್ಕೆ ಬೇಕಾದ ಅಂಗಗಳನ್ನು ಕಟ್ಟುವ ಕೆಲಸದಲ್ಲಿ ತರುಣ ರಾಜಾರಾಮನ್ ಕೈಜೋಡಿಸಿದರು. ಮುಂದೆ ಪಾಠ ಹೇಳಲಿದ್ದವರು ಮೊದಲು ತಂತಿಗಳನ್ನು ಬೆಸೆದು ಕಲಿತರೆಂಬುದು ಗಮನಾರ್ಹ. ಅಲ್ಲಿಂದ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ತೆರಳಿ, ೧೯೫೯ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ನಾತಕೋತ್ತರ ಪದವಿಯನ್ನೂ ೧೯೬೧ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನೂ ಗಳಿಸಿದರು. ಅಲ್ಲಿಯೇ ಅಧ್ಯಾಪಕ ಹುದ್ದೆ ದೊರೆತಿದ್ದರೂ ಅಲ್ಲಿ ನಿಲ್ಲದೆ ಸ್ವದೇಶಕ್ಕೆ ಮರಳಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯನ್ನು ಸೇರಿದರು.

೧೯೬೩ರ ಆಗಸ್ಟ್ ತಿಂಗಳಿನಲ್ಲಿ ಕಾನ್ಪುರದ ಸಂಸ್ಥೆಗೆ ಐ.ಬಿ.ಎಂ. ೧೬೨೦ ಎಂಬ ಗಣಕ ಬಂದಿತು. ಈ ಯಂತ್ರದ ಸ್ವಭಾವದಲ್ಲಿ ಪ್ರಾಥಮಿಕ ಶಾಲೆಯ ಅಧ್ಯಾಪಕರು ಕೇಳಿ ಸಂತೋಷಪಡುವ ಸಂಗತಿಯೊಂದಿದೆ. ಕೂಡುವುದಕ್ಕೂ ಗುಣಿಸುವುದಕ್ಕೂ ಅದರಲ್ಲಿ ಪ್ರತ್ಯೇಕವಾದ ವಿದ್ಯುನ್ಮಂಡಲವಿರಲಿಲ್ಲ. ಕೂಡುವ ಕೋಷ್ಟಕವನ್ನೂ ಗುಣಿಸುವ ಕೋಷ್ಟಕವನ್ನೂ ಅದರ ಸ್ಮೃತಿಯಲ್ಲಿ ಮೊದಲೇ ತುಂಬಿಡುತ್ತಿದ್ದರು. ಏಳು ಎಂಟಲೆ ಎಷ್ಟೆಂದು ಕೇಳಿದರೆ ಅದು ಕೋಷ್ಟಕದಲ್ಲಿ ಆ ಮನೆಯನ್ನು ಹುಡುಕಿ ಐವತ್ತಾರೆಂದು ಹೇಳುತ್ತಿತ್ತು. ಎಂದರೆ ಆ ಯಂತ್ರ ಮಗ್ಗಿಯನ್ನು ಬಾಯಿಪಾಠ ಮಾಡಿದ ಹುಡುಗನಂತೆ. ಕೋಷ್ಟಕದಲ್ಲಿ ಒಂದಂಕಿ ತಪ್ಪಿ ಬಿದ್ದರೆ ಲೆಕ್ಕವೆಲ್ಲ ತಪ್ಪಿದಂತೆಯೇ. ಕೂಡಲೂ ಬಾರದ, ಕೂಡಲು ಯತ್ನಿಸಲೂ ಒಲ್ಲದ ಯಂತ್ರವೆಂದು ಅದನ್ನು ಬಳಸುತ್ತಿದ್ದವರು ಪರಿಹಾಸ್ಯ ಮಾಡುತ್ತಿದ್ದುದುಂಟು. ಮಗ್ಗಿ ಕಂಠಸ್ಥವಾಗಿರಬೇಕೆಂದು ಒತ್ತಾಯಿಸಿದ ಹಳೆಯ ಮೇಷ್ಟರುಗಳಿಗೆ ಇಷ್ಟು ದೂರದಿಂದ ಬಂದ ಸಾಕ್ಷಿ ಬೇರೊಂದು ಸಿಕ್ಕಲಾರದು.

ಯಂತ್ರ ಬಂದಿತು, ಅದನ್ನು ಬಳಸಬಲ್ಲವರು ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ. ಕಾನ್ಪುರದವರು ಆಗ ಮಾಡಿದ ಕೆಲಸದಲ್ಲಿ ಅವರ ದೂರದೃಷ್ಟಿ ಕಾಣುತ್ತದೆ. ತಮ್ಮ ವಿದ್ಯಾರ್ಥಿಗಳಿಗಷ್ಟೇ ಅದನ್ನು ಮೀಸಲಿಡದೆ, ದೇಶದ ನಾನಾ ಕಡೆಯ ವಿಜ್ಞಾನಿಗಳಿಗೂ ಅಭಿಯಂತರರಿಗೂ ಅಧ್ಯಾಪಕರಿಗೂ ಹತ್ತು ದಿನಗಳ ಬಿಗಿಯಾದ ಶಿಕ್ಷಣ ಶಿಬಿರಗಳನ್ನು ನಡೆಸಿದರು. ಬಂದವರು ‘ಫೋರ್ಟ್ರಾನ್’ ಎಂಬ ಗಣಕಭಾಷೆಯನ್ನು ಕಲಿತು, ಸ್ವಂತದ ಲೆಕ್ಕವೊಂದನ್ನು ಯಂತ್ರದ ಮೇಲೆ ಮಾಡಿ ನೋಡಿ, ಊರಿಗೆ ಮರಳುತ್ತಿದ್ದರು. ಹೀಗೆ ಕಲಿತವರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ಸಂಸ್ಥೆಗಳಲ್ಲಿ ಈ ವಿದ್ಯೆಗೆ ಬೀಜ ಹಾಕಿದರು. ೧೯೬೫ರಲ್ಲಿ ಕಾನ್ಪುರದಲ್ಲಿಯೇ ಗಣಕವಿಜ್ಞಾನವನ್ನು ಮುಖ್ಯ ವಿಷಯವನ್ನಾಗಿ ಆರಿಸಿಕೊಳ್ಳಬಹುದಾದ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಭಾರತದಲ್ಲಿ ಈ ವಿಷಯದ ಕ್ರಮಬದ್ಧವಾದ ಉನ್ನತ ಶಿಕ್ಷಣಕ್ಕೆ ಅದೇ ನಾಂದಿ. ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಪದವಿ ಪಡೆದು ಕಾನ್ಪುರಕ್ಕೆ ಹೋದ ಎನ್.ಆರ್. ನಾರಾಯಣಮೂರ್ತಿಯವರು ಅಲ್ಲಿ ರಾಜಾರಾಮನ್ ಅವರ ಪಾಠ ಕೇಳಿದವರಲ್ಲಿ ಒಬ್ಬರು.

ಕಾಲದ ಇನ್ನೊಂದು ಕಾಕತಾಳೀಯವನ್ನು ಇಲ್ಲಿಯೇ ಹೇಳಬಹುದು. ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದದ್ದು ೧೯೬೨ರಲ್ಲಿ. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜನ್ನು ತೆರೆದದ್ದು ೧೯೬೩ರಲ್ಲಿ. ಗಂಗಾತೀರದಲ್ಲಿ ಗಣಕದ ಮೊದಲ ಪಾಠ ನಡೆಯುತ್ತಿದ್ದ ಹೊತ್ತಿನಲ್ಲಿಯೇ ಕಾವೇರಿಯ ಸೀಮೆಯಲ್ಲಿ ಆ ಪಾಠವನ್ನು ಮುಂದೆ ಸ್ವೀಕರಿಸಬೇಕಾದ ವಿದ್ಯಾಲಯಗಳು ಕಣ್ಣು ತೆರೆಯುತ್ತಿದ್ದವು. ನಡುವೆ ಬೇಕಾಗಿದ್ದುದು ಒಂದು ಸೇತುವೆ. ಆ ಸೇತುವೆ ಪಠ್ಯಪುಸ್ತಕ.

ರಾಜಾರಾಮನ್ ಅವರ ಬಾಳಿನ ಕೆಲಸದಲ್ಲಿ ಪ್ರಶಸ್ತಿ ಪದವಿಗಳಿಗಿಂತ ಈ ಪುಸ್ತಕರಚನೆಯೇ ಹಿರಿದೆಂದು ಹೇಳಬೇಕು. ೧೯೬೦ರ ದಶಕದಲ್ಲಿ ಗಣಕದ ಬಗೆಗೆ ಇದ್ದ ಪುಸ್ತಕಗಳೆಲ್ಲ ವಿದೇಶದವು; ಬೆಲೆ ಭಾರತದ ವಿದ್ಯಾರ್ಥಿಯ ಕೈಗೆ ನಿಲುಕದು, ಉದಾಹರಣೆಗಳು ಅವನ ಅನುಭವಕ್ಕೆ ಸಲ್ಲವು. ರಾಜಾರಾಮನ್ ಅವರು ತರಗತಿಯ ಟಿಪ್ಪಣಿಗಳನ್ನೇ ತಿದ್ದಿ ತೀಡಿ ಪುಸ್ತಕ ಮಾಡಿದರು. ಪ್ರೆಂಟಿಸ್ ಹಾಲ್ ಆಫ್ ಇಂಡಿಯಾ ಸಂಸ್ಥೆ ಅದನ್ನು ಅಗ್ಗದ ಬೆಲೆಯ, ರಟ್ಟಿಲ್ಲದ ತೆಳುಹೊದಿಕೆಯ ಪ್ರತಿಗಳಾಗಿ ಹೊರತಂದಿತು. ಅನಂತರ ಗಣಕದ ಮೂಲಕ ಸಂಖ್ಯಾತ್ಮಕ ಗಣಿತವನ್ನು ಮಾಡುವ ವಿಧಾನಗಳ ಮೇಲೆ, ಗಣಕದ ಒಳರಚನೆಯ ಮೇಲೆ, ಕಚೇರಿ ಕಾರ್ಖಾನೆಗಳ ಮಾಹಿತಿ ವ್ಯವಸ್ಥೆಯನ್ನು ರೂಪಿಸುವ ಬಗೆಯ ಮೇಲೆ, ‘ಸಿ’ ಭಾಷೆಯ ಮೇಲೆ ಒಂದಾದ ಮೇಲೊಂದು ಪುಸ್ತಕಗಳು ಬಂದವು. ಪತ್ನಿ ಧರ್ಮಾ ರಾಜಾರಾಮನ್ ಅವರೊಡನೆ ಸೇರಿ ಆರಂಭದ ಓದುಗರಿಗಾಗಿ ಒಂದು ಪ್ರವೇಶಿಕೆಯನ್ನೂ ಬರೆದರು. ಫೋರ್ಟ್ರಾನ್ ಭಾಷೆ ಕಾಲಕಾಲಕ್ಕೆ ಪರಿಷ್ಕಾರಗೊಂಡಾಗಲೆಲ್ಲ ಪುಸ್ತಕವೂ ಪರಿಷ್ಕಾರಗೊಂಡಿತು. ೧೯೭೭ರ ರೂಪಕ್ಕೆ ಒಂದು, ೧೯೯೦ ಮತ್ತು ೧೯೯೫ರ ರೂಪಗಳಿಗೆ ಇನ್ನೊಂದು. ಒಮ್ಮೆ ಬರೆದ ಪುಸ್ತಕವನ್ನು ಮೂವತ್ತು ವರ್ಷ ಹಾಗೆಯೇ ಅಚ್ಚು ಹಾಕಿಸುವ ಲೇಖಕರು ಎಲ್ಲ ಶಾಸ್ತ್ರಗಳಲ್ಲಿಯೂ ಇದ್ದಾರೆ. ರಾಜಾರಾಮನ್ ಆ ಪಂಗಡಕ್ಕೆ ಸೇರಿದವರಲ್ಲ.

ಆ ಕಾಲದ ವಿದ್ಯಾರ್ಥಿಗೆ ಯಂತ್ರದ ದರ್ಶನವೇ ದುರ್ಲಭವಾಗಿತ್ತೆಂಬುದನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಕ್ರಮವಿಧಿಯನ್ನು, ಎಂದರೆ ಯಂತ್ರ ಪಾಲಿಸಬೇಕಾದ ಆಜ್ಞೆಗಳ ಸಾಲನ್ನು, ಮೊದಲು ಕಾಗದದ ಮೇಲೆ ಬರೆಯಬೇಕು. ಅನಂತರ ಒಂದೊಂದು ಆಜ್ಞೆಗೆ ಒಂದೊಂದರಂತೆ ದಪ್ಪ ಕಾಗದದ ಪಟ್ಟಿಗಳಲ್ಲಿ ರಂಧ್ರ ಹೊಡೆಯಬೇಕು. ಪಟ್ಟಿಯಲ್ಲಿ ೮೦ ಅಂಕಣಗಳು. ಫೋರ್ಟ್ರಾನಿನ ನಿಯಮದಂತೆ ಮೊದಲ ಐದು ಅಂಕಣಗಳು ಆಜ್ಞೆಯ ಸಂಖ್ಯೆಗೆ. ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂಬ ಗುರುತಿಗೆ. ೭ರಿಂದ ೭೨ರವರೆಗೆ ಆಜ್ಞೆ. ಉಳಿದ ಎಂಟು, ಪಟ್ಟಿಗಳ ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಜೋಡಿಸಿಕೊಳ್ಳಲು ಬೇಕಾದ ಕ್ರಮಾಂಕಕ್ಕೆ. ಏಳನೆಯ ಅಂಕಣದಲ್ಲಿ ಆರಂಭವಾಗಬೇಕಾದುದು ಆರನೆಯದರಲ್ಲಿ ಆರಂಭವಾದರೆ ಕೆಲಸ ಕೆಟ್ಟಿತು. ಕಂದಪದ್ಯದ ಮಾತ್ರೆಯನ್ನು ಎಣಿಸಿದವರಿಗೆ ಈ ಕಟ್ಟುಪಾಡು ಹೊಸದೆನಿಸದು. ಪಟ್ಟಿಗಳ ಕಟ್ಟನ್ನು ಗಣಕ ಕೇಂದ್ರದ ಕಿಟಕಿಯಲ್ಲಿ ಕೊಟ್ಟು, ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಕಾದು, ಬಂದ ಉತ್ತರವನ್ನು ನೋಡಿದರೆ ಅಲ್ಪವಿರಾಮವೊಂದು ತಪ್ಪಿದೆಯೆಂಬ ಸೂಚನೆ! ಇಂತಹ ಪರಿಸ್ಥಿತಿಯಲ್ಲಿ ವಿದ್ಯಾರ್ಥಿ ಯಂತ್ರದ ಬಳಿಗೆ ಹೋಗುವ ಮುನ್ನವೇ ತನ್ನ ಕ್ರಮವಿಧಿಯನ್ನು ಕಾಗದದ ಮೇಲೆ ತಾನೇ ನಡೆಯಿಸಿ ನೋಡಬೇಕಾಗಿತ್ತು. ರಾಜಾರಾಮನ್ ಅವರ ಪುಸ್ತಕಗಳು ಬಿಡಿಸಿದ ಉದಾಹರಣೆಗಳಿಂದ ತುಂಬಿದ್ದುದಕ್ಕೆ ಇದೇ ಕಾರಣ. ಗಣಕವಿಲ್ಲದ ಊರಿನಲ್ಲಿಯೂ ಗಣಕವಿದ್ಯೆಯನ್ನು ಕಲಿಯಬಹುದಾಯಿತು.

ಅಂತಹ ಪಾಠದ ರೀತಿ ಹೇಗಿರುತ್ತದೆಂದು ಈ ಸೀಮೆಯ ಮಕ್ಕಳಿಗೆ ತಿಳಿಯುವ ಒಂದು ಲೆಕ್ಕದಿಂದ ತೋರಿಸಬಹುದು. ನಾಲೆಯ ಬಯಲಿನ ರೈತನೊಬ್ಬನಿಗೆ ಬಿಡಿಬಿಡಿಯಾಗಿ ಇರುವ ಜಮೀನೆಲ್ಲ ಸೇರಿ ೧೮೭ ಗುಂಟೆ. ಎಷ್ಟು ಎಕರೆ, ಎಷ್ಟು ಗುಂಟೆ? ೪೦ ಗುಂಟೆಗೆ ಒಂದು ಎಕರೆಯೆಂದು ಐದನೆಯ ತರಗತಿಯ ಹುಡುಗನೂ ಬಲ್ಲ, ಭಾಗಿಸಿ ಹೇಳುತ್ತಾನೆ. ಆದರೆ ಯಂತ್ರಕ್ಕೆ ಭಾಗಾಕಾರವೂ ತಿಳಿಯದು, ಕಳೆಯುವುದು ಹೋಲಿಸುವುದು ಮಾತ್ರ ತಿಳಿದಿದೆಯೆಂದು ಭಾವಿಸೋಣ. ಆಗ ಹೀಗೆ ಹೇಳಿಕೊಡಬೇಕು. ‘ಗುಂಟೆ’ ಎಂದು ಹೆಸರಿಟ್ಟ ಪೆಟ್ಟಿಗೆಯಲ್ಲಿ ೧೮೭ನ್ನೂ ‘ಎಕರೆ’ ಎಂದು ಹೆಸರಿಟ್ಟ ಪೆಟ್ಟಿಗೆಯಲ್ಲಿ ಸೊನ್ನೆಯನ್ನೂ ಇಡು. ಗುಂಟೆಯ ಪೆಟ್ಟಿಗೆಯಲ್ಲಿರುವುದು ೪೦ಕ್ಕಿಂತ ಕಡಿಮೆಯೇ ನೋಡು. ಕಡಿಮೆಯಾಗಿದ್ದರೆ ಎರಡೂ ಪೆಟ್ಟಿಗೆಗಳಲ್ಲಿರುವುದನ್ನು ಬರೆದು ನಿಲ್ಲು. ಅಲ್ಲವಾದರೆ ಗುಂಟೆಯಿಂದ ೪೦ ಕಳೆ, ಎಕರೆಗೆ ಒಂದನ್ನು ಕೂಡಿಸು, ಹಿಂದಿರುಗಿ ಮತ್ತೆ ಅದೇ ಪ್ರಶ್ನೆಯನ್ನು ಕೇಳು. ಈ ಆಜ್ಞೆಗಳನ್ನು ಹಿಡಿದು ನಡೆದರೆ ಗುಂಟೆಯ ಪೆಟ್ಟಿಗೆಯಲ್ಲಿ ೧೪೭, ೧೦೭, ೬೭, ೨೭ ಎಂದು ಇಳಿಯುತ್ತದೆ. ಎಕರೆಯ ಪೆಟ್ಟಿಗೆಯಲ್ಲಿ ೧, ೨, ೩, ೪ ಎಂದು ಏರುತ್ತದೆ. ೨೭ ಎಂಬುದು ೪೦ಕ್ಕಿಂತ ಕಡಿಮೆಯಾದುದರಿಂದ ಅಲ್ಲಿಗೆ ನಿಲುಗಡೆ. ನಾಲ್ಕು ಎಕರೆ ಇಪ್ಪತ್ತೇಳು ಗುಂಟೆ.

ಇಲ್ಲಿ ಮಾತಿನ ಮೇಲಿನ ಎಚ್ಚರ ಎಷ್ಟಿರಬೇಕೆಂಬುದಕ್ಕೆ ಇನ್ನೊಂದು ಲೆಕ್ಕ. ವಿದ್ಯಾರ್ಥಿಯೊಬ್ಬ ಅಜಾಗ್ರತೆಯಿಂದ ‘೪೦ಕ್ಕಿಂತ ಕಡಿಮೆಯೇ’ ಎಂಬುದರ ಬದಲು ‘೪೦ಕ್ಕಿಂತ ಹೆಚ್ಚಿಲ್ಲವೇ’ ಎಂದು ಬರೆದನೆನ್ನಿ. ೧೮೭ಕ್ಕೆ ಉತ್ತರ ಸರಿಯಾಗಿಯೇ ಬರುತ್ತದೆ, ಅವನು ಹಿಗ್ಗುತ್ತಾನೆ. ಆದರೆ ನೆರೆಯ ರೈತನ ಜಮೀನು ೧೬೦ ಗುಂಟೆ. ೧೨೦, ೮೦, ೪೦ ಎಂದು ಇಳಿದು, ೪೦ ಎಂಬುದು ೪೦ಕ್ಕಿಂತ ಹೆಚ್ಚಿಲ್ಲವಾದ್ದರಿಂದ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಉತ್ತರ: ಮೂರು ಎಕರೆ ನಲವತ್ತು ಗುಂಟೆ! ನಾಲ್ಕು ಎಕರೆಯೆಂದು ಬರೆಯಬೇಕಾದಲ್ಲಿ ಹೀಗೆ ಬರೆದ ಪತ್ರವನ್ನು ಯಾವ ಶ್ಯಾನುಭೋಗನೂ ಒಪ್ಪುತ್ತಿರಲಿಲ್ಲ. ‘ಕಡಿಮೆ’ ಮತ್ತು ‘ಹೆಚ್ಚಿಲ್ಲ’ ಇವೆರಡೂ ಒಂದೇ ಅಲ್ಲವೆಂಬುದನ್ನು ವ್ಯಾಕರಣದ ಅಧ್ಯಾಪಕರು ಎಷ್ಟು ಸಲ ಹೇಳಿದರೂ ಮನಸ್ಸಿಗೆ ನಾಟದ ಹುಡುಗನಿಗೆ ಈ ಒಂದು ಲೆಕ್ಕ ನಾಟಿಸಿಬಿಡುತ್ತದೆ. ಗಣಕವಿದ್ಯೆ ಗಣಿತಕ್ಕೆ ಮಾತ್ರ ಸಂಬಂಧಿಸಿದ್ದೆಂದು ಭಾಷಾಧ್ಯಾಪಕರು ದೂರ ನಿಲ್ಲುವುದು ಸರಿಯಲ್ಲ.

ಇದೇ ಮಾತಿಗೆ ಪೂರಕವಾಗಿ, ಆರಂಭದ ವಿದ್ಯಾರ್ಥಿಗಳೆಲ್ಲ ಎಡವುವ ಒಂದು ಸ್ಥಳವನ್ನು ಹೇಳಬೇಕು. ಮೇಲಿನ ಪಾಠದಲ್ಲಿ ‘ಎಕರೆಗೆ ಒಂದನ್ನು ಕೂಡಿಸು’ ಎಂಬುದನ್ನು ಫೋರ್ಟ್ರಾನಿನ ರೀತಿಯಲ್ಲಿ ‘ಎಕರೆ = ಎಕರೆ + ೧’ ಎಂದು ಬರೆಯುತ್ತಾರೆ. ಬೀಜಗಣಿತ ಕಲಿತ ಹುಡುಗ ಇದನ್ನು ಕಂಡು ಬೆಚ್ಚುತ್ತಾನೆ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾದುದಕ್ಕೆ ಸಮನಾಗಲಾರದಷ್ಟೆ! ಆದರೆ ಇಲ್ಲಿಯ ಚಿಹ್ನೆ ಸಮತೆಯನ್ನು ಹೇಳುವುದಿಲ್ಲ, ಆದೇಶವನ್ನು ಹೇಳುತ್ತದೆ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾದಾಗ ಕಕಾರದ ಸ್ಥಾನದಲ್ಲಿ ಗಕಾರ ಬರುತ್ತದೆ, ಕಕಾರ ಗಕಾರಕ್ಕೆ ಸಮವೆಂದು ಯಾರೂ ಹೇಳುವುದಿಲ್ಲ, ಒಂದು ಹೋಗಿ ಇನ್ನೊಂದು ಕುಳಿತಿತೆಂದು ಹೇಳುತ್ತೇವೆ. ಹಾಗೆಯೇ ಪೆಟ್ಟಿಗೆಯಲ್ಲಿದ್ದ ಹಳೆಯ ಬೆಲೆ ಹೋಗಿ ಹೊಸ ಬೆಲೆ ಅಲ್ಲಿ ಕುಳಿತುಕೊಳ್ಳುತ್ತದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಹೇಳುವವರಿಗೆ ಲೋಪ, ಆಗಮ, ಆದೇಶಗಳು ನಿತ್ಯದ ಮಾತು. ಗಣಕದ ಸ್ಮೃತಿಯಲ್ಲಿ ನಡೆಯುವುದೂ ಈ ಮೂರೇ: ಅಳಿಸುವುದು, ಸೇರಿಸುವುದು, ಬದಲಿಸುವುದು.

ವ್ಯಾಕರಣದ ಮಾತು ಬಂದುದರಿಂದ ಇದೇ ಸೀಮೆಯ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗುವುದು ಉಚಿತವಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿರುವ ಸಂಸ್ಕೃತ ಸಂಶೋಧನ ಸಂಸತ್ತಿನ ನಿರ್ದೇಶಕರಾಗಿದ್ದ ವಿದ್ವಾನ್ ಎಂ.ಎ. ಲಕ್ಷ್ಮೀತಾತಾಚಾರ್ಯರು ೨೦೨೧ರಲ್ಲಿ ಕಾಲವಾದರು. ತಾಳೆಯೋಲೆಗಳ ಸಂರಕ್ಷಣೆಗೂ ವೇದಾಂತ ಗ್ರಂಥಗಳ ಸಂಪಾದನೆಗೂ ಹೆಸರಾದ ಆ ಸಂಸ್ಥೆಯೊಳಕ್ಕೆ ಅವರು ಗಣಕವನ್ನು ಬರಮಾಡಿಕೊಂಡರು. ಸಂಸ್ಕೃತ ವಾಕ್ಯವೊಂದನ್ನು ಕೊಟ್ಟರೆ ಅದರ ಪದಗಳ ಪರಸ್ಪರ ಸಂಬಂಧವನ್ನು ಬಿಡಿಸಿ ತೋರಿಸಬಲ್ಲ ತಂತ್ರಾಂಶದ ಕೆಲಸ ಅಲ್ಲಿ ನಡೆಯಿತು. ಶಾಸ್ತ್ರದಲ್ಲಿ ಇದಕ್ಕೆ ಶಾಬ್ದಬೋಧವೆಂದು ಹೆಸರು. ‘ಚೈತ್ರನು ಗ್ರಾಮಕ್ಕೆ ಹೋಗುತ್ತಾನೆ’ ಎಂಬ ವಾಕ್ಯದಲ್ಲಿ ಮುಖ್ಯವಾದುದು ಯಾವುದು? ಹೋಗುವ ಕ್ರಿಯೆಯೇ ಮುಖ್ಯ, ಚೈತ್ರ ಅದರ ಆಶ್ರಯ ಎಂಬುದು ವೈಯಾಕರಣರ ಮತ. ಚೈತ್ರನೇ ಮುಖ್ಯ, ಹೋಗುವ ಕೃತಿ ಅವನಲ್ಲಿರುವುದು ಎಂಬುದು ನೈಯಾಯಿಕರ ಮತ. ಯಾವ ಮತವನ್ನು ಹಿಡಿದರೂ ಪ್ರತಿಯೊಂದು ಪದದ ಪಾತ್ರವನ್ನು ಬಾಯಿಬಿಟ್ಟು ಹೇಳಲೇಬೇಕು, ಯಾವುದನ್ನೂ ಕೇಳುವವನ ಊಹೆಗೆ ಬಿಡುವಂತಿಲ್ಲ. ಯಂತ್ರಕ್ಕೆ ಬೇಕಾಗಿರುವುದೂ ಅದೇ.

ಈ ಸಾದೃಶ್ಯವನ್ನು ಅಮೆರಿಕದ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು ೧೯೮೫ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ೧೯೮೬ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಾಸ್ತ್ರಪಂಡಿತರೂ ಗಣಕವಿಜ್ಞಾನಿಗಳೂ ಒಟ್ಟಿಗೆ ಕುಳಿತು ಇದೇ ವಿಷಯವನ್ನು ಚರ್ಚಿಸಿದ ಸಮ್ಮೇಳನ ನಡೆಯಿತು. ಗಣಕಕ್ಕೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯೇ ಘೋಷಿಸಿದೆ ಎಂದು ಅಂದಿನಿಂದ ಇಂದಿನವರೆಗೆ ವೇದಿಕೆಗಳ ಮೇಲೆ ಕೇಳಿಬರುವ ಮಾತು ಮಾತ್ರ ಅತಿರಂಜಿತ. ಅದು ಸಂಶೋಧಕರೊಬ್ಬರ ಲೇಖನ, ಸಂಸ್ಥೆಯ ಘೋಷಣೆಯಲ್ಲ. ಆ ಲೇಖನ ಹೊಗಳಿದ್ದು ಶಾಸ್ತ್ರಕಾರರು ವಾಕ್ಯಾರ್ಥವನ್ನು ಬಿಡಿಸಿ ಹೇಳುವ ಶೈಲಿಯನ್ನು. ಮೇಲುಕೋಟೆಯಲ್ಲಿ ನಡೆದ ಕೆಲಸ ಗೌರವಕ್ಕೆ ಪಾತ್ರವಾಗಲು ಇಂತಹ ಉತ್ಪ್ರೇಕ್ಷೆಯ ಆಸರೆ ಬೇಕಾಗಿಲ್ಲ. ಸಾಂಪ್ರದಾಯಿಕ ವಿದ್ವಾಂಸರೊಬ್ಬರು ತಮ್ಮ ಶಾಸ್ತ್ರವನ್ನು ಹೊಸ ಯಂತ್ರದ ಮುಂದೆ ಅಳುಕದೆ ಪರೀಕ್ಷೆಗೊಡ್ಡಿದರೆಂಬುದೇ ಸಾಕಷ್ಟು ದೊಡ್ಡದು.

ಮತ್ತೆ ರಾಜಾರಾಮನ್ ಅವರ ವೃತ್ತಾಂತಕ್ಕೆ. ಕಾನ್ಪುರದಲ್ಲಿ ೧೯೭೮ರಲ್ಲಿ ಗಣಕವಿಜ್ಞಾನದ ಬಿ.ಟೆಕ್. ಶಿಕ್ಷಣ ಆರಂಭವಾದ ಕಾಲಕ್ಕೆ ಈ ವಿದ್ಯೆ ದೇಶದಲ್ಲಿ ನೆಲೆಯೂರಿತ್ತಾದರೂ ಅದರ ಬಾಗಿಲು ಇಂಜಿನಿಯರಿಂಗ್ ಓದಿದವರಿಗೆ ಮಾತ್ರ ತೆರೆದಿತ್ತು. ಗಣಕ ಬಲ್ಲವರ ಅಗತ್ಯ ದೇಶಕ್ಕೆ ಎಷ್ಟಿದೆಯೆಂದು ಪರಿಶೀಲಿಸಲು ಕೇಂದ್ರದ ಎಲೆಕ್ಟ್ರಾನಿಕ್ಸ್ ಆಯೋಗ ರಾಜಾರಾಮನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ವಿಜ್ಞಾನ, ವಾಣಿಜ್ಯಗಳ ಪದವೀಧರರೂ ಪ್ರವೇಶಿಸಬಹುದಾದ ಎಂ.ಸಿ.ಎ. ಎಂಬ ಸ್ನಾತಕೋತ್ತರ ಶಿಕ್ಷಣ ೧೯೮೨ರ ಸುಮಾರಿಗೆ ಆರಂಭವಾದದ್ದು ಆ ಸಮಿತಿಯ ಶಿಫಾರಸಿನ ಫಲ. ಆಗ ಅದು ಮೂರು ವರ್ಷದ್ದು. ಇದರ ಬೆಲೆಯನ್ನು ನಗರದವರಿಗಿಂತ ಹಳ್ಳಿಯವರು ಚೆನ್ನಾಗಿ ಬಲ್ಲರು. ಹದಿನೆಂಟನೆಯ ವಯಸ್ಸಿನಲ್ಲಿ ಇಂಜಿನಿಯರಿಂಗ್ ಸೀಟು ದೊರೆಯದೆ, ಅಥವಾ ಶುಲ್ಕ ಹೊಂದಿಸಲಾರದೆ, ಹತ್ತಿರದ ಊರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಅಥವಾ ಬಿ.ಕಾಂ. ಸೇರಿದ ರೈತನ ಮಗನಿಗೆ, ಮಗಳಿಗೆ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಎರಡನೆಯ ಬಾಗಿಲೊಂದು ತೆರೆಯಿತು. ಕೃಷ್ಣರಾಜಪೇಟೆ, ನಾಗಮಂಗಲಗಳಂತಹ ಮಳೆಯಾಶ್ರಯದ ಊರುಗಳಿಂದ ಆ ಬಾಗಿಲಿನಲ್ಲಿ ಹಾದುಹೋದವರ ಮನೆಗಳು ಇಂದು ಹೇಗಿವೆಯೆಂಬುದನ್ನು ಆಯಾ ಊರಿನವರೇ ಹೇಳಬಲ್ಲರು.

೧೯೮೨ರಲ್ಲಿ ಅವರು ತಾವು ವಿದ್ಯಾರ್ಥಿಯಾಗಿದ್ದ ವಿಜ್ಞಾನ ಮಂದಿರಕ್ಕೇ ಪ್ರಾಧ್ಯಾಪಕರಾಗಿ ಬಂದು, ೧೯೯೪ರವರೆಗೆ ಅಲ್ಲಿಯ ಮಹಾಗಣಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರವನ್ನು ಕಟ್ಟಿ ನಡೆಸಿದರು. ವಿದೇಶದ ಮಹಾಗಣಕಗಳಿಗಾಗಿ ಕೈಯೊಡ್ಡುವ ಬದಲು ಹಲವು ಸಣ್ಣ ಗಣಕಗಳನ್ನು ಏಕಕಾಲಕ್ಕೆ ದುಡಿಸುವ ಸಮಾಂತರ ಗಣಕವನ್ನು ದೇಶದಲ್ಲಿಯೇ ನಿರ್ಮಿಸಬಹುದೆಂದು ೧೯೮೭ರಲ್ಲಿ ಅವರ ನೇತೃತ್ವದ ಅಧ್ಯಯನ ಸಲಹೆಯಿತ್ತಿತು. ೧೯೮೮ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು, ೧೯೯೧ರಲ್ಲಿ ‘ಪರಮ್’ ಗಣಕ ಸಿದ್ಧವಾಯಿತು. ೧೯೭೬ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ, ೧೯೯೮ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಕಾನ್ಪುರದ ಆ ಮೊದಲ ತಂಡದಲ್ಲಿ ಅವರೊಡನೆ ದುಡಿದ ಕನ್ನಡಿಗ ಪ್ರಾಧ್ಯಾಪಕ ಎಚ್.ಎನ್. ಮಹಾಬಲ ಅವರೂ ೨೦೨೨ರಲ್ಲಿ ಅಗಲಿದರು. ಮದರಾಸಿನ ತಂತ್ರಜ್ಞಾನ ಸಂಸ್ಥೆಯಲ್ಲಿ ಗಣಕವಿಜ್ಞಾನದ ಬೋಧನೆಯನ್ನು ಬೆಳೆಸಿದವರು ಅವರು; ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಶಿಷ್ಯರು. ಐದಾರು ವರ್ಷಗಳ ಅವಧಿಯಲ್ಲಿ ಹೀಗೆ ಒಂದು ತಲೆಮಾರೇ ತೆರವಾಯಿತು.

ನಿವೃತ್ತರಾದ ಮೇಲೂ ರಾಜಾರಾಮನ್ ಅವರ ಬರವಣಿಗೆ ನಿಲ್ಲಲಿಲ್ಲ. ೧೯೫೫ರಿಂದ ೨೦೧೦ರವರೆಗಿನ ಭಾರತೀಯ ಗಣಕಶಾಸ್ತ್ರದ ಇತಿಹಾಸವನ್ನು ೨೦೧೨ರಲ್ಲಿ ಬರೆದು ಪ್ರಕಟಿಸಿದರು. ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ ಹೊರಡಿಸುವ ‘ರೆಸೊನೆನ್ಸ್’ ಪತ್ರಿಕೆಯಲ್ಲಿ, ಕಾಲೇಜಿನ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿಯುವಂತೆ, ಹೊಸ ಹೊಸ ವಿಷಯಗಳನ್ನು ಕುರಿತು ಲೇಖನಗಳನ್ನು ಬರೆದರು. ಪ್ರಾಧ್ಯಾಪಕರಾದ ಮೇಲೆ ಎಳೆಯರಿಗಾಗಿ ಬರೆಯುವುದನ್ನು ಕೀಳೆಂದು ಬಗೆಯುವ ಪಂಡಿತರು ಇದನ್ನು ಗಮನಿಸಬೇಕು.

ಗ್ರಾಮಾಂತರ ಶಾಲೆಗಳ ಇಂದಿನ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಮಾತನ್ನು ದಾನಿಗಳ ಮುಂದೆ ಸವಿನಯವಾಗಿ ಇಡಬೇಕಾಗುತ್ತದೆ. ಉದಾರ ಮನಸ್ಸಿನ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗಳಿಗೆ ಗಣಕಗಳನ್ನು ಕೊಡುತ್ತಿದ್ದಾರೆ. ಉದ್ಘಾಟನೆಯ ದಿನ ಹೂಮಾಲೆ ಬೀಳುತ್ತದೆ. ಕಲಿಸುವವರಿಲ್ಲದ ಕಡೆ ಕೊಠಡಿಗೆ ಬೀಗ ಬೀಳುತ್ತದೆ; ಐದಾರು ವರ್ಷಗಳಲ್ಲಿ ಯಂತ್ರ ಹಳತಾಗಿ ಮೂಲೆ ಸೇರುತ್ತದೆ. ಕಾನ್ಪುರದ ಐ.ಬಿ.ಎಂ. ೧೬೨೦ ಕೂಡ ಹಳತಾಯಿತು, ಹೋಯಿತು. ಅದರ ಮೇಲೆ ಕಲಿತು ಬರೆದ ಪುಸ್ತಕಗಳು ಪರಿಷ್ಕಾರಗೊಳ್ಳುತ್ತ ಉಳಿದವು.

ಆ ಪುಸ್ತಕಗಳು ಇಂಗ್ಲಿಷಿನವು. ಕನ್ನಡದಲ್ಲಿ ಗಣಕದ ಬಗೆಗೆ ಪುಸ್ತಕಗಳು ಬಂದಿಲ್ಲವೆಂದಲ್ಲ. ಗುಂಡಿ ಒತ್ತುವ ಬಗೆಯನ್ನು ಹೇಳುವುವು ಹಲವಿವೆ. ಆಲೋಚಿಸುವ ಬಗೆಯನ್ನು, ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಮಗುವಿಗೆ, ಅದರ ಊರಿನ ಲೆಕ್ಕಗಳಿಂದಲೇ ಕಲಿಸುವ ಅಗ್ಗದ ಪುಸ್ತಕವೊಂದು ಈ ಶಾಲೆಗಳಿಗೆ ಬೇಕಾಗಿದೆ. ಗುಂಟೆ ಎಕರೆಗಳ ಲೆಕ್ಕ ಅದರ ಮೊದಲ ಪಾಠವಾಗಬಹುದು. ಹಾಲಿನ ಡೈರಿಯ ಹದಿನೈದು ದಿನಗಳ ಬಟವಾಡೆ ಎರಡನೆಯದು. ಕಬ್ಬಿನ ತೂಕದ ಚೀಟಿ, ನಾಲೆಯ ನೀರಿನ ಸರದಿ, ಮಳೆಗಾಲ ಬೇಸಗೆಗಳ ಸಂಧಿ ಕಾರ್ಯ ಅನಂತರದವು. ನಾಲ್ಕು ತಾಲ್ಲೂಕುಗಳ ಗಣಿತದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದು ಬೇಸಗೆಯ ರಜೆಯಲ್ಲಿ ಹತ್ತು ದಿನ ಒಟ್ಟಿಗೆ ಕುಳಿತರೆ ಕರಡು ಸಿದ್ಧವಾದೀತು. ಹಳೆಯ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯಲ್ಲಿರುವವರು ಅದನ್ನು ತಿದ್ದಿಕೊಡಬಹುದು. ಅಚ್ಚಿನ ವೆಚ್ಚ ಎರಡು ಮೂರು ಗಣಕಗಳ ಬೆಲೆಯನ್ನು ಮೀರಲಾರದು. ಆ ಪುಸ್ತಕದ ಮೊದಲ ಪುಟದಲ್ಲಿ ಅರ್ಪಣೆಗೆಂದು ಯಾರ ಹೆಸರನ್ನು ಬರೆಯಬೇಕೆಂಬ ಚರ್ಚೆಗೆ ಹೆಚ್ಚು ಹೊತ್ತು ಹಿಡಿಯದು.